ಮೋಟರ್ ನಿಂತ ಮೇಲಿನ ನೀರು

ಅವರ ಬಲಗೈ ತೋರುಬೆರಳಿನ ಒಳಮೈಯಲ್ಲಿ ಚರ್ಮ ಗಟ್ಟಿಯಾಗಿ, ನಡುವೆ ಕೊರೆದ ಹಾಗೆ ಒಂದು ಗೆರೆ ಬಿದ್ದಿತ್ತು. ಮೂವತ್ತು ವರ್ಷ ಕೊಳವೆ ಬಾವಿಗಳೊಳಗೆ ಅಳತೆಯ ತಂತಿ ಇಳಿಸಿ, ಎಳೆದು ಆದ ಗುರುತು ಅದು. ತಂತಿಯ ತುದಿ ನೀರು ಮುಟ್ಟಿದರೆ ಕೈಯಲ್ಲಿರುವ ಸುರುಳಿ ಕೀಂ ಎಂದು ಸದ್ದು ಮಾಡುತ್ತದೆ. ಸದ್ದಿಗಿಂತ ಒಂದು ಕ್ಷಣ ಮುಂಚೆಯೇ ಅವರ ಬೆರಳು ನಿಂತುಬಿಡುತ್ತಿತ್ತು.

ನಾನು ಅವರನ್ನು ಮೇಡಂ ಎನ್ನುತ್ತಿದ್ದೆ. ಭೂವಿಜ್ಞಾನ ಓದಿ ಅವರ ಬಳಿ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ನೆಲಮಂಗಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೆಳಗೆ ಆಫೀಸು, ಮೇಲೆ ಅವರ ಮನೆ. ಅವರು ಮದುವೆಯಾಗಿರಲಿಲ್ಲ. ಹಾಸನದಲ್ಲಿದ್ದ ತಂಗಿ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಆಫೀಸಿನಲ್ಲಿ ಇದ್ದದ್ದು ನಾವಿಬ್ಬರೇ.

ನಮ್ಮ ಕೆಲಸ ಬೋರ್‌ವೆಲ್‌ಗಳನ್ನು ಪರೀಕ್ಷಿಸುವುದು. ಒಂದು ಬೋರಿನ ಮೋಟರನ್ನು ಒಂದೇ ಸಮ ಓಡಿಸಿ, ಅದರಲ್ಲೂ ಅಕ್ಕಪಕ್ಕದ ಬೋರುಗಳಲ್ಲೂ ನೀರು ಎಷ್ಟು ಬೇಗ ಕೆಳಗಿಳಿಯುತ್ತದೆ ಎಂದು ಅಳೆಯಬೇಕು. ಮೊದಮೊದಲು ನಿಮಿಷಕ್ಕೊಂದು ರೀಡಿಂಗ್, ಆಮೇಲೆ ಹತ್ತು ನಿಮಿಷಕ್ಕೊಂದು, ಗಂಟೆಗೊಂದು. ನಮ್ಮ ಕಡೆ ಇರುವುದು ಗಟ್ಟಿ ಬಂಡೆ. ನೀರು ಅದರ ಬಿರುಕುಗಳಲ್ಲಿ ಮಾತ್ರ. ಮೊದಲ ಗಂಟೆಗಳಲ್ಲಿ ಬೇಕಾದಷ್ಟಿದೆ ಎನಿಸುತ್ತದೆ. ನಿಜ ಗೊತ್ತಾಗುವುದು ಬಿರುಕುಗಳು ಬರಿದಾದ ಮೇಲೆ.

"ಮೊದಲ ದಿನ ಬಂಡೆ ನಮಗೆ ಬೇಕಾದ್ದನ್ನೇ ಹೇಳುತ್ತೆ ಕಣಮ್ಮಾ, ಮೂರನೇ ದಿನ ತನಗೆ ಗೊತ್ತಿರೋದನ್ನ ಹೇಳುತ್ತೆ" ಎನ್ನುತ್ತಿದ್ದರು.

ಮೋಟರ್ ನಿಲ್ಲಿಸಿದ ಕೂಡಲೇ ಅದನ್ನು ಓಡಿಸಲು ಬಂದಿದ್ದ ಕೆಲಸದವರು ವೈರು ಸುತ್ತಿ ಹೊರಡುತ್ತಿದ್ದರು. ಮೇಡಂ ಮಾತ್ರ ಛತ್ರಿ ಬಿಡಿಸಿಕೊಂಡು ಕಲ್ಲಿನ ಮೇಲೆ ಕೂತು, ಇಳಿದ ನೀರು ಮತ್ತೆ ಎಲ್ಲಿಯವರೆಗೆ ಏರುತ್ತದೆ ಎಂದು ಬರೆದುಕೊಳ್ಳುತ್ತಿದ್ದರು. ಊಟದ ಡಬ್ಬಿ ಪಕ್ಕದಲ್ಲಿ. "ಬೇಜಾರಾಗಲ್ವಾ ಮೇಡಂ?" ಎಂದು ಕೇಳಿದ್ದೆ. "ಮನೇಲೂ ಒಬ್ಬಳೇ ತಾನೆ ಕೂತಿರ್ತೀನಿ, ಇಲ್ಲಿ ನೀರಾದ್ರೂ ಮೇಲಕ್ಕೆ ಬರ್ತಿರುತ್ತೆ" ಎಂದು ನಕ್ಕಿದ್ದರು. ನಾನೂ ನಕ್ಕು, ಐದೂವರೆಯ ಬಸ್ಸು ಹಿಡಿಯಲು ಹೊರಟಿದ್ದೆ.

ಸೋಂಪುರದ ಆಚೆ, ಶಿವಗಂಗೆ ಬೆಟ್ಟ ಕಾಣುವ ಒಂದು ಸಣ್ಣ ಊರಿನ ಅಂಚಿನಲ್ಲಿ ಒಂದು ಕಾರ್ಖಾನೆ ಬರುವುದಿತ್ತು. ಕಾರ್ಖಾನೆಯವರು ಮೂರು ಬೋರು ಕೊರೆಸಿ, ಪರೀಕ್ಷೆಗೆ ನಮ್ಮನ್ನು ಕರೆದರು. ಪಕ್ಕದ ಹೊಲದ ಬೋರಿನಲ್ಲಿ ನೀರಿನ ಮಟ್ಟ ನೋಡಬೇಕಿತ್ತು. ಹಾಗೆ ನೋಡುವಷ್ಟು ದಿನ ಅದರ ಮೋಟರು ಹಾಕುವಂತಿಲ್ಲ. ಆ ಹೊಲದ ಮನೆಯಾಕೆಗೆ ನಾಲ್ಕು ಸೀಮೆ ಹಸುಗಳಿದ್ದವು. ಮೇಡಂ ಆಕೆಯ ಜಗುಲಿಯ ಮೇಲೆ ಕೂತು ಅರ್ಧ ಗಂಟೆ ವಿವರಿಸಿದರು. ಕೊನೆಗೆ ಆಕೆ, "ನಮ್ಮ ನೀರು ಉಳೀತದೆ ಅಂದ್ರೆ ಐದು ದಿನ ಏನು ಮಹಾ ಬುಡಿ ಮೇಡಮ್ಮೋರೇ, ಊರ ನೀರಿನ ತೊಂಬೆಯಿಂದ ಹೊತ್ಕೊಂಡು ಬರ್ತೀನಿ" ಎಂದರು. ಆಕೆ ಹೊತ್ತರು ಕೂಡ. ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ, ಐದು ದಿನ.

ಎರಡನೇ ದಿನ ಮಧ್ಯಾಹ್ನದವರೆಗೆ ನಿಧಾನವಾಗಿ ಇಳಿಯುತ್ತಿದ್ದ ನೀರು ಇದ್ದಕ್ಕಿದ್ದ ಹಾಗೆ ಕುಸಿಯಿತು. ಮೂರನೇ ದಿನ ಮೋಟರ್ ನಿಲ್ಲಿಸಿ ಎರಡು ದಿನ ಕಾದರೂ ಅದು ಮೊದಲಿನ ಮಟ್ಟಕ್ಕೆ ಬರಲಿಲ್ಲ. ಕಾರ್ಖಾನೆ ಕೇಳಿದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ತೆಗೆಯಬಹುದು ಎಂದು ಮೇಡಂ ವರದಿ ಬರೆದರು. ಕಾರ್ಖಾನೆಯವರಿಗೆ ಅದು ಬೇಕಿರಲಿಲ್ಲ. ಆ ಸುದ್ದಿ ಹರಡಿ ಬೇರೆಯವರೂ ನಮ್ಮನ್ನು ಕರೆಯುವುದು ಬಿಟ್ಟರು. ಅದೇ ವರ್ಷ ನಾನು ಬೆಂಗಳೂರಿನ ದೊಡ್ಡ ಕನ್ಸಲ್ಟೆನ್ಸಿ ಒಂದಕ್ಕೆ ಸೇರಿದೆ. "ಹೋಗಮ್ಮಾ, ಒಳ್ಳೇದಾಗ್ಲಿ" ಎಂದು ಅವರು ಬಾಗಿಲವರೆಗೆ ಬಂದರು.

ಆರು ತಿಂಗಳಿಗೆ ಅದೇ ಕಾರ್ಖಾನೆಯ ಫೈಲು ನನ್ನ ಮೇಜಿಗೆ ಬಂತು. "ಎಂಟು ಗಂಟೆ ಓಡಿಸಿದ್ರೆ ಸಾಕು, ಜಾಸ್ತಿ ಎಳೀಬೇಡಿ" ಎಂದರು ಬಾಸ್. ಎಂಟು ಗಂಟೆಯಲ್ಲಿ ಆ ಬಂಡೆ ಏನು ಹೇಳುತ್ತದೆಂದು ನನಗೆ ಗೊತ್ತಿತ್ತು. ಹಾಗೇ ಹೇಳಿತು. ಕೇಳಿದಷ್ಟೂ ತೆಗೆಯಬಹುದು ಎಂಬ ವರದಿಗೆ ನಾನು ಸಹಿ ಹಾಕಿದೆ.

ಕಾರ್ಖಾನೆ ಶುರುವಾದ ಎರಡನೇ ಬೇಸಿಗೆಯಲ್ಲಿ ಆ ಮನೆಯಾಕೆಯ ಫೋನು ಬಂತು. ವರದಿ ನನ್ನದೆಂದು ಆಕೆಗೆ ಗೊತ್ತಿರಲಿಲ್ಲ. "ಬೋರು ನಿಂತೋಯ್ತು ಕಣಮ್ಮ. ಎರಡು ಹಸ ಮಾರ್‌ಬಿಟ್ಟೆ. ಅಲ್ಲ, ಐದು ದಿನ ನೀವು ಕೂತ್ಕೊಂಡು ಬರ್ಕೊಂಡ್ರಲ್ಲ, ನಾನೂ ನೀರು ಹೊತ್ನಲ್ಲ, ಅದೆಲ್ಲ ಏನಾಯ್ತು?"

ಮರುದಿನ ಬೆಳಿಗ್ಗೆ ಮೇಡಂ ಮನೆಗೆ ಹೋದೆ. ಕೆಳಗಿನ ಆಫೀಸು ಮುಚ್ಚಿ ಅಲ್ಲಿ ಮೊಬೈಲ್ ಅಂಗಡಿ ಬಂದಿತ್ತು. ಮೇಡಂ ಬಹಳ ಇಳಿದುಹೋಗಿದ್ದರು. ಕಾಫಿ ಕೊಟ್ಟು, ನಾನು ಹೇಳುವುದನ್ನೆಲ್ಲ ಕೇಳಿಸಿಕೊಂಡರು.

"ಎಷ್ಟು ಗಂಟೆ ಓಡಿಸಿದ್ರಿ?"

"ಎಂಟು, ಮೇಡಂ."

"ನಿಲ್ಸಿದ ಮೇಲೆ ನೋಡಿದ್ಯಾ?"

"ಇಲ್ಲ."

ಬೈಯಬಾರದೇ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಅವರು ಎದ್ದು, ಹಳೆಯ ಪರೀಕ್ಷೆಯ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು.

"ಅಂತರ್ಜಲದ ಕಚೇರಿಗೆ ಬರಿ. ನಿನ್ನ ವರದಿ ತಪ್ಪು ಅಂತ ನೀನೇ ಬರೀಬೇಕು. ನಾನು ಬರೆದ್ರೆ ಹೊಟ್ಟೆಕಿಚ್ಚು ಅಂತಾರೆ."

"ಕೆಲಸ ಹೋಗುತ್ತೆ ಮೇಡಂ."

"ಹೋಗುತ್ತೆ" ಎಂದರು, ನನ್ನ ಭುಜದ ಮೇಲೆ ಕೈಯಿಟ್ಟು. "ನಾಳೆ ಆ ಊರಿಗೆ ಹೋಗೋಣ. ಈಗ ನೀರೆಲ್ಲಿದೆ ಅಂತ ಅಳೆದು, ಅದನ್ನೂ ಸೇರಿಸಿ ಬರಿ."

ಹೋದೆವು. ಒಣಗಿದ ಬೋರಿನ ಪಕ್ಕ ನಿಂತು ನಾನು ಆ ಮನೆಯಾಕೆಗೆ ಸತ್ಯ ಹೇಳಿದೆ. ಆಕೆ ತಿರುಗಿ ಮನೆಯೊಳಗೆ ಹೋದರು. ತಂತಿ ಇಳಿಸಿದಷ್ಟೂ ಸದ್ದಿಲ್ಲ.

ಕಾಗದ ಬರೆದೆ, ಕೆಲಸ ಹೋಯಿತು. ತನಿಖೆಗೆ ಏಳು ತಿಂಗಳು ಹಿಡಿಯಿತು. ಕಾರ್ಖಾನೆಯ ಮೂರರಲ್ಲಿ ಎರಡು ಬೋರು ಮುಚ್ಚಿಸಿದರು. ಮುಂದಿನ ಮಳೆಗಾಲ ಕಳೆದ ಮೇಲೆ ಆ ಹೊಲದ ಬೋರಿನಲ್ಲಿ ನೀರು ಕಾಣಿಸಿತು. ಮೊದಲಿನಷ್ಟಲ್ಲ, ಎರಡು ಹಸುವಿಗೆ ಸಾಕಾಗುವಷ್ಟು. ಅಷ್ಟರಲ್ಲಿ ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ್ದೆ. ಮೇಡಂಗೆ ಫೋನ್ ಮಾಡಬೇಕೆಂದುಕೊಳ್ಳುತ್ತಿದ್ದೆ. ಹಬ್ಬಗಳಿಗೆ ಮೆಸೇಜು ಕಳಿಸುತ್ತಿದ್ದೆ.

ಅವರು ತೀರಿಕೊಂಡದ್ದು ಒಂದು ಭಾನುವಾರ, ಮಧ್ಯಾಹ್ನ ಮಲಗಿದ್ದಲ್ಲೇ. ಸಂಜೆ ಹಾಲು ಕೊಡಲು ಬಂದವರು ನೋಡಿದರಂತೆ. ಮಸಣದಲ್ಲಿ ನಾವು ಒಂಬತ್ತು ಜನ. ಅವರ ತಂಗಿ ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಂಗೆ ಸ್ನೇಹಿತರು ಅಂತ ಯಾರೂ ಇರ್ಲಿಲ್ವಾ?" ಎಂದರು. ಹಿಂದೆ ನಿಂತಿದ್ದ ಆ ಹೊಲದ ಮನೆಯಾಕೆ ಹೇಳಿದರು: "ನಮ್ಮನೆಗೆ ಬರ್ತಿದ್ರು ಕಣಮ್ಮ. ತಿಂಗಳಿಗೊಂದು ಸಲ, ಬಸ್ಸಲ್ಲಿ. ಬೋರಲ್ಲಿ ನೀರೆಷ್ಟದೆ ಅಂತ ನೋಡಿ ಬರ್ಕೊಂಡು ಹೋಗೋರು. ಉಂಡ್ಕೊಂಡು ಹೋಗಿ ಅಂದ್ರೆ ಡಬ್ಬಿ ತಂದಿವ್ನಿ ಅನ್ನೋರು. ಆಮೇಲಾಮೇಲೆ ಉಣ್ಣಕ್ಕೆ ಶುರು ಮಾಡಿದ್ರು."

ಅವರು ಹೋಗುತ್ತಿದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ.

ತಂಗಿ ಅವರ ಅಳತೆಯ ಪುಸ್ತಕಗಳನ್ನು ನನಗೆ ಕೊಟ್ಟರು. ಕೊನೆಯದರಲ್ಲಿ ಆ ಒಂದೇ ಬೋರಿನ ಲೆಕ್ಕ. ದಿನ, ಹೊತ್ತು, ನೀರಿನ ಆಳ, ಕೊನೆಗೆ ಜೊತೆಗಿದ್ದವರ ಹೆಸರು ಬರೆಯುವ ಕಾಲಂ. ನಾವಿಬ್ಬರೂ ಹೋಗಿದ್ದ ದಿನದ ಸಾಲಿನಲ್ಲಿ, ಅವರ ದುಂಡಗಿನ ಅಕ್ಷರದಲ್ಲಿ, ನನ್ನ ಹೆಸರಿದೆ. ಅದರ ಕೆಳಗಿನ ಹತ್ತೊಂಬತ್ತು ಸಾಲುಗಳಲ್ಲಿ ಹೆಸರಿನ ಜಾಗದಲ್ಲಿ ಒಂದೊಂದು ಅಡ್ಡಗೆರೆ.

ಆ ಊರು ನನ್ನ ಮನೆಯಿಂದ ಎರಡು ಗಂಟೆಯ ಬಸ್ಸಿನ ದಾರಿ.