ಖಾಲಾ ನಕ್ಕ ಫೋಟೊ

ಹೋದ ವರ್ಷ ಫೆಬ್ರವರಿಯ ಒಂದು ಶನಿವಾರ. ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ತೊಡೆಯ ಮೇಲೆ ಕ್ಯಾಮೆರಾ ಬ್ಯಾಗು. ಅದರ ಜಿಪ್ ತೆಗೆಯುವುದು, ಒಳಗೆ ಇಣುಕುವುದು, ಮತ್ತೆ ಹಾಕುವುದು, ಊರು ದಾಟಿದಾಗಿನಿಂದ ಇದೇ ನಡೆದಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಕೊನೆಗೆ, "ಏನ್ರಿ ಅಕ್ಕಾ, ಏನರ ಬಿಟ್ಟು ಬಂದೀರೇನು?" ಎಂದು ಕೇಳಿಯೇ ಬಿಟ್ಟಳು. ಬಿಟ್ಟು ಬಂದಿರಲಿಲ್ಲ. ಒಂದರ ಬದಲು ಎರಡು ಲೆನ್ಸ್ ತಂದಿದ್ದೆ, ಅದೇ ತೊಂದರೆ.

ಹುಮನಾಬಾದಿನಲ್ಲಿ ನಮ್ಮದೊಂದು ಸಣ್ಣ ಫೋಟೊ ಸ್ಟುಡಿಯೊ ಇದೆ. ಅಪ್ಪ ಶುರು ಮಾಡಿದ್ದು. ಈಗ ಅಣ್ಣ ಶರಣಪ್ಪ ಮದುವೆ, ಸೀಮಂತದ ಕುಬಸ ಎಂದು ಹೊರಗಿನ ಕೆಲಸ ನೋಡುತ್ತಾನೆ. ನಾನು ಅಂಗಡಿಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುತ್ತೇನೆ. "ಗದ್ದ ಮ್ಯಾಲ ಮಾಡ್ರಿ, ಎರಡೂ ಕಿವಿ ಕಾಣಲಿ." ಹನ್ನೆರಡು ವರ್ಷದಿಂದ ಇದೇ ಮಾತು. ಒಬ್ಬರ ಮುಖವನ್ನು ಸಮಾಧಾನದಿಂದ ನೋಡಿ, ಗೋಡೆಗೆ ಹಾಕುವಂಥ ಒಂದು ಒಳ್ಳೆ ಫೋಟೊ ತೆಗೆಯಬೇಕು ಎನ್ನುವ ಆಸೆ ಒಳಗೇ ಕುದಿಯುತ್ತಿತ್ತು.

ಆ ಅವಕಾಶ ತಂದವಳು ಪಕ್ಕದ ಟೇಲರಿಂಗ್ ಅಂಗಡಿಯ ಜಗದೇವಿ ಅಕ್ಕ. ಅವಳ ತವರು ಬಸವಕಲ್ಯಾಣ. ಹುಡುಗಿಯಾಗಿದ್ದಾಗ ಹೊಲಿಗೆ ಕಲಿತದ್ದು ಅಲ್ಲಿನ ರಫಿಯಾ ಎಂಬವರ ಹತ್ತಿರ. ಊರಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಖಾಲಾ ಸುಮಾರು ನಲವತ್ತು ವರ್ಷ ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಓಣಿಯ ಹುಡುಗಿಯರಿಗೆ, ಸುತ್ತಲ ಹಳ್ಳಿಯಿಂದ ಬಂದವರಿಗೆ ಹೊಲಿಗೆ ಹೇಳಿಕೊಟ್ಟವರು. ಹತ್ತಿರದ ನೋಟ ಮಂದವಾಗಿ ಕಲಿಸುವುದನ್ನು ಬಿಟ್ಟಿದ್ದರು. ಕ್ಲಾಸನ್ನು ಒಬ್ಬ ಶಿಷ್ಯೆ ಮುಂದುವರಿಸುತ್ತಿದ್ದಳು. ಅಲ್ಲಿ ಖಾಲಾ ಅವರದೊಂದು ದೊಡ್ಡ ಫೋಟೊ ಹಾಕಬೇಕು ಎಂದು ಹಳೆಯ ಶಿಷ್ಯೆಯರೆಲ್ಲ ಸೇರಿ ತೀರ್ಮಾನ ಮಾಡಿದ್ದರು.

"ಖಾಲಾ ಗಂಡಸರ ಮುಂದ ಫೋಟೊಕ್ಕ ಕೂಡೂದಿಲ್ಲ, ನೀನ ಬರಬೇಕು," ಎಂದಳು ಜಗದೇವಿ ಅಕ್ಕ. "ನಾಕ ವರ್ಷದಿಂದ ಕೇಳಾಕತ್ತೀವಿ. ಈಗ ಹೂಂ ಅಂದಾರ. ಒಂದ ಸಲ ಕೂಡ್ತೀನಿ, ಮತ್ತ ಕೇಳಬ್ಯಾಡ್ರಿ ಅಂದಾರ."

ಒಂದೇ ಸಲ. ಆ ಮಾತು ಕೇಳಿದ್ದೇ ತಡ, ನನ್ನ ನಿದ್ದೆ ಹಾರಿಹೋಯಿತು.

ಅಣ್ಣನ ಝೂಮ್ ಲೆನ್ಸ್ ಇತ್ತು. ನಿಂತಲ್ಲೇ ನಿಂತು ತಿರುವಿದರೆ ಸಾಕು, ದೂರದ್ದು ಹತ್ತಿರ ಬರುತ್ತದೆ, ಹತ್ತಿರದ್ದು ದೂರ ಹೋಗುತ್ತದೆ. ಆದರೆ ಬೆಳಕು ಕಡಿಮೆಯಾದರೆ ಅದರ ಕೈ ಸಾಗುವುದಿಲ್ಲ. ಇನ್ನೊಂದು, ನಾನು ಹಟ ಮಾಡಿ ತರಿಸಿಕೊಂಡ ಎಂಬತ್ತೈದು ಎಂಎಂನ ಪ್ರೈಮ್ ಲೆನ್ಸ್. ಕಡಿಮೆ ಬೆಳಕೂ ಅದಕ್ಕೆ ಸಾಕು, ಮುಖವನ್ನು ಅದು ಹಿಡಿಯುವ ರೀತಿಯೇ ಬೇರೆ. ಕಣ್ಣು ಹೊಳೆಯುತ್ತವೆ, ಹಿಂದಿನದೆಲ್ಲ ಮೆತ್ತಗೆ ಕರಗಿಹೋಗುತ್ತದೆ. ಆದರೆ ಅದರಲ್ಲಿ ತಿರುವಲು ಏನೂ ಇಲ್ಲ. ಚೌಕಟ್ಟು ದೊಡ್ಡದಾಗಬೇಕಾದರೆ ನಾವೇ ಹಿಂದೆ ನಡೆಯಬೇಕು, ಸಣ್ಣದಾಗಬೇಕಾದರೆ ನಾವೇ ಮುಂದೆ ಬರಬೇಕು.

"ಹೊಸ ಮನಿ, ಹೊಸ ಜಾಗಾ, ಒಂದ ಸಲ ಕೂಡೋ ಮುದುಕಿ. ಸುಮ್ಮ ಝೂಮ್ ಹಾಕ್ಕೊಂಡು ಹೋಗು," ಎಂದ ಅಣ್ಣ. "ಅದನ ಹಿಡ್ಕೊಂಡು ಹಿಂದ ಮುಂದ ಕುಣ್ಯಾಕ ಹೋಗಬ್ಯಾಡ."

ಅವನು ಹಾಗೆ ಅಂದದ್ದಕ್ಕೇ ಬಸ್ಸು ಬಸವಕಲ್ಯಾಣ ಸೇರುವ ಹೊತ್ತಿಗೆ ಪ್ರೈಮನ್ನೇ ಕ್ಯಾಮೆರಾಕ್ಕೆ ಹಾಕಿದ್ದೆ.

ಜಗದೇವಿ ಅಕ್ಕ ಹಿಂದಿನ ದಿನವೇ ಬಂದಿದ್ದಳು. ನಿಲ್ದಾಣದಿಂದ ಕರೆದುಕೊಂಡು ಹೋದಳು. ಕಲ್ಲಿನ ಹಳೇ ಮನೆ. ಖಾಲಾ ತಿಳಿ ಹಸಿರು ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಶಾಲೆಗೆ ಹೊರಟ ಮಗುವಿನಂತೆ ತಯಾರಾಗಿ ಕೂತಿದ್ದರು. ಎಪ್ಪತ್ತು ದಾಟಿದ ಮುಖ. "ಬಾ ಬೇಟಿ, ಲಗೂನ ಮುಗಸು," ಎಂದರು. ಫೋಟೊದ ಮಾತು ಅವರಿಗೆ ಹಿಡಿಸಿರಲಿಲ್ಲ ಎನ್ನುವುದು ಕಾಣುತ್ತಿತ್ತು.

ಕೋಣೆ ಸಣ್ಣದು. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಖಾಲಾ ಅವರ ಮೂಗು, ಕಣ್ಣು ಅಷ್ಟೇ ಬಂದವು. ಹಿಂದೆ ಸರಿದೆ, ಬೆನ್ನಿಗೆ ಹೊಲಿಗೆ ಮಷೀನು ತಾಗಿತು. ಝೂಮ್ ಹಾಕಿದೆ. ಈಗ ಎಲ್ಲ ಬಂತು, ಆದರೆ ಕತ್ತಲೆ. ತೆಗೆದ ನಾಲ್ಕರಲ್ಲಿ ನಾಲ್ಕೂ ಅಲುಗಿದ್ದವು. ಫ್ಲ್ಯಾಶ್ ಹೊಡೆದರೆ ಖಾಲಾ ಕಣ್ಣು ಮುಚ್ಚುತ್ತಿದ್ದರು. ಮತ್ತೆ ಪ್ರೈಮ್ ಹಾಕಿದೆ. ಬೆವರು ಬರತೊಡಗಿತು. ಖಾಲಾ ನನ್ನ ಕೈಯನ್ನೇ ನೋಡುತ್ತಿದ್ದರು.

"ಮುಖ ಅಷ್ಟ ಬ್ಯಾಡವ್ವಾ, ಕೈನೂ ಬರಬೇಕು," ಎಂದಳು ಜಗದೇವಿ ಅಕ್ಕ. "ಆ ಕೈಲಿಂದನ ನಾವೆಲ್ಲಾ ಊಟ ಮಾಡಾಕತ್ತೀವಿ."

ಹಾಗಾದರೆ ಮಾಳಿಗೆಗೆ ಹೋಗೋಣ ಎಂದೆ. ಮೆಟ್ಟಿಲು ಹತ್ತುವಾಗ ಖಾಲಾ ಮುಂದಿದ್ದರು. "ಮಾಳಿಗಿ ಹಿಂದಿನ ಗ್ವಾಡಿ ಮಳ್ಯಾಗ ಬಿದ್ದದ ಬೇಟಿ, ಆ ಕಡಿ ಹೋಗಬ್ಯಾಡ," ಎಂದರು. ಹೂಂ ಎಂದೆ. ನಿಜ ಹೇಳಬೇಕೆಂದರೆ ನಾನು ಕೇಳಿಸಿಕೊಂಡಿರಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಲೆನ್ಸ್ ಮಾತ್ರ.

ಮೇಲೆ ಬೆಳಕು ಚೆನ್ನಾಗಿತ್ತು. ತೆಳ್ಳನೆಯ ಮೋಡ, ನೆರಳಿಲ್ಲದ ಬೆಳಕು. ಆದರೆ ಧೂಳಿನ ಗಾಳಿ. ಜಗದೇವಿ ಅಕ್ಕ ಒಂದು ಕುರ್ಚಿ ತಂದಿಟ್ಟು, ಖಾಲಾ ಅವರ ಕೈಗೆ ಸೂಜಿ, ದಾರ, ಒಂದು ಅರ್ಧ ಹೊಲಿದ ಬಟ್ಟೆ ಕೊಟ್ಟು, ಚಹಾ ಮಾಡಲು ಕೆಳಗೆ ಹೋದಳು. ನಾವಿಬ್ಬರೇ ಉಳಿದೆವು.

ಕ್ಯಾಮೆರಾ ಕಣ್ಣಿಗೆ ಹಿಡಿದೆ. ಮುಖ, ಕುತ್ತಿಗೆ ಬಂತು. ಒಂದು ಹೆಜ್ಜೆ ಹಿಂದೆ ಇಟ್ಟೆ. ಭುಜ ಬಂತು. ಇನ್ನೂ ಎರಡು ಹೆಜ್ಜೆ. ಮೊಣಕೈ ಬಂತು, ಬೆರಳು ಬರಲಿಲ್ಲ. ಝೂಮ್ ಹಾಕಬಹುದಿತ್ತು. ಬ್ಯಾಗು ಮೆಟ್ಟಿಲ ಹತ್ತಿರವೇ ಇತ್ತು. ಈ ಗಾಳಿಯಲ್ಲಿ ಲೆನ್ಸ್ ಬದಲಿಸಿದರೆ ಕ್ಯಾಮೆರಾದೊಳಗೆ ಧೂಳು ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅಣ್ಣನ ಮಾತೇ ನಿಜವಾಯಿತಲ್ಲ ಎನ್ನುವ ಸಿಟ್ಟು ಅದಕ್ಕಿಂತ ದೊಡ್ಡದಿತ್ತು. ಇನ್ನೊಂದು ಹೆಜ್ಜೆ ಇಟ್ಟೆ. "ಅಲ್ಲಾಡಬ್ಯಾಡ್ರಿ ಖಾಲಾ, ಹಂಗ ಇರ್ರಿ." ಕ್ಲಿಕ್. ಮತ್ತೊಂದು ಹೆಜ್ಜೆ. ಬೆರಳುಗಳು ಬಂದವು, ಸೂಜಿ ಮಾತ್ರ ತುಸು ಹೊರಗುಳಿಯಿತು. ಚಪ್ಪಲಿಯ ಕೆಳಗೆ ಉರುಟು ಕಲ್ಲು ಸಿಕ್ಕಿದ ಹಾಗಾಯಿತು. ಅದನ್ನೂ ಲೆಕ್ಕಿಸಲಿಲ್ಲ.

ಆಗ ಖಾಲಾ ನಕ್ಕರು.

ಬೆಳಗಿನಿಂದ ಬಿಗಿದುಕೊಂಡಿದ್ದ ಮುಖ ಒಮ್ಮೆಲೇ ಅರಳಿತು. ಎಂಥ ನಗು ಅದು! ಕ್ಲಿಕ್ ಮಾಡಿದೆ. "ಹಾಂ ಖಾಲಾ, ಹಂಗ, ಹಂಗ!" ಎಂದೆ.

"ಬೇಟಿ," ಎಂದರು ಅವರು, ಪಕ್ಕದಲ್ಲಿ ಕೂತವರೊಡನೆ ಮಾತಾಡುವಷ್ಟು ಮೆಲ್ಲಗೆ. "ನನ್ನ ಕಣ್ಣಾಗ ಏನೋ ಬಿದ್ದದ. ಜರಾ ಬಂದು ನೋಡು."

"ಒಂದ ನಿಮಿಷ ಖಾಲಾ. ಇನ್ನೊಂದ ಹೆಜ್ಜಿ, ಇನ್ನೊಂದ ಫೋಟೊ."

"ಫೋಟೊ ಆಮ್ಯಾಲ ತಗೀ. ಕಣ್ಣು ಉರಿಯಾಕತ್ತದ. ಬಾ ನನ್ನವ್ವಾ. ನನ್ನ ಕಡಿನ ನೋಡ್ಕೋತ ಬಾ."

ಒಳಗೊಳಗೇ ಬೈದುಕೊಂಡೆ. ಅಂಥ ನಗು ಮತ್ತೆ ಸಿಗುತ್ತದೆಯೇ? ಮುಖ ಗಂಟು ಹಾಕಿಕೊಂಡೇ ಮುಂದೆ ನಡೆದು ಅವರ ಹತ್ತಿರ ಹೋಗಿ ಬಗ್ಗಿದೆ. ಅವರು ಕಣ್ಣು ತೋರಿಸಲಿಲ್ಲ. ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬಳೆ ಚುಚ್ಚುವಷ್ಟು ಬಿಗಿಯಾಗಿ ಹಿಡಿದಿದ್ದರು.

"ಈಗ ತಿರುಗಿ ನೋಡು," ಎಂದರು.

ತಿರುಗಿದೆ. ನಾನು ನಿಂತಿದ್ದ ಜಾಗದ ಹಿಂದೆ ಗೋಡೆಯೇ ಇರಲಿಲ್ಲ. ಮಾಳಿಗೆಯ ಅಂಚು ಬಾಯಿ ಬಿಟ್ಟುಕೊಂಡಿತ್ತು. ಧೂಳಿನಲ್ಲಿ ನನ್ನ ಚಪ್ಪಲಿಯ ಗುರುತು ಕಾಣುತ್ತಿತ್ತು, ಹಿಮ್ಮಡಿಯಿಂದ ಅಂಚಿಗೆ ಒಂದು ಗೇಣೂ ಇರಲಿಲ್ಲ. ಅಲ್ಲಿಯವರೆಗೆ ಹೋಗಿ ಇಣುಕುವ ಧೈರ್ಯವಾಗಲಿಲ್ಲ. ಆಮೇಲೆ ಕೆಳಗಿಳಿದಾಗ ನೋಡಿದೆ. ಆ ಕಡೆ ಓಣಿಯಲ್ಲಿ ರಿಪೇರಿಗೆಂದು ತಂದ ಫರಸಿ ಕಲ್ಲಿನ ಚಪ್ಪಡಿಗಳನ್ನು ಅಂಚು ಮೇಲಾಗಿ ನಿಲ್ಲಿಸಿದ್ದರು.

ಖಾಲಾ ಅವರ ಪಾದದ ಹತ್ತಿರ ಕೂತುಬಿಟ್ಟೆ. ಆಮೇಲೆ ಹೆದರಿಕೆಗೋ ನಾಚಿಕೆಗೋ, ಜಗಳ ತೆಗೆದವಳಂತೆ ಕೇಳಿದೆ: "ಒದರಬಾರದಿತ್ತೇನ್ರಿ ಖಾಲಾ?"

"ಒಮ್ಮೆ ಒದರೀನಿ ಬೇಟಿ," ಎಂದರು. ಇನ್ನೂ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. "ಸಣ್ಣಾಕಿದ್ದಾಗ. ನಮ್ಮ ತವರಮನಿ ಮಾಳಿಗಿ ಮ್ಯಾಲ. ನನ್ನ ತಂಗಿ ಗಾಳಿಪಟ ನೋಡ್ಕೋತ ಹಿಂದಕ್ಕ ಹಿಂದಕ್ಕ ಹೊಂಟಿದ್ಲು. ನಾ ಜೋರ್ಲೆ ಹೆಸರು ಹಿಡದು ಒದರಿದೆ. ಬೆಚ್ಚಿಬಿದ್ದು ತಿರುಗಿದ್ಲು."

ಅಷ್ಟು ಹೇಳಿ ಗೋಡೆಯಿಲ್ಲದ ಅಂಚಿನ ಕಡೆ ನೋಡಿದರು.

ಅಷ್ಟರಲ್ಲಿ ಜಗದೇವಿ ಅಕ್ಕ ಚಹಾ ಹಿಡಿದುಕೊಂಡು ಬಂದಳು. ನನ್ನ ಮುಖ ನೋಡಿ, "ಯವ್ವಾ, ಏನಾತು?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಖಾಲಾ, "ಏನೂ ಇಲ್ಲ. ಪೋರಿ ಮುಂಜಾನಿಂದ ಏನೂ ತಿಂದಂಗಿಲ್ಲ, ಚಕ್ಕರ್ ಬಂತು. ಬಿಸ್ಕೀಟ್ ತಾ," ಎಂದರು. ನನ್ನ ಎಚ್ಚರಗೇಡಿತನ ಹುಮನಾಬಾದಿನವರೆಗೆ ಸುದ್ದಿಯಾಗದಂತೆ ಅಲ್ಲಿಯೇ ಮುಚ್ಚಿಟ್ಟರು.

ಚಹಾ ಕುಡಿದ ಮೇಲೆ ಝೂಮ್ ಹಾಕಿ, ಮೆಟ್ಟಿಲ ಕೋಣೆಯ ಗೋಡೆಗೆ ಬೆನ್ನು ಆನಿಸಿ ನೆಲದಲ್ಲೇ ಕೂತು ಇಪ್ಪತ್ತು ಮೂವತ್ತು ಫೋಟೊ ತೆಗೆದೆ. ಖಾಲಾ ಅಲುಗದೆ ಕೂತಿದ್ದರು. ವಾಪಸು ಬರುವ ಬಸ್ಸಿನಲ್ಲಿ ಚಾಲಕ ಬ್ರೇಕ್ ಹಾಕಿದಾಗಲೆಲ್ಲ ಮುಂದಿನ ಸೀಟಿನ ಕಂಬಿ ಹಿಡಿದುಕೊಳ್ಳುತ್ತಿದ್ದೆ. ಅಣ್ಣನಿಗೆ ಏನೂ ಹೇಳಲಿಲ್ಲ.

ಮರುದಿನ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆ. ಝೂಮಿನವು ಚೆನ್ನಾಗಿಯೇ ಇದ್ದವು. ಮುಖ, ಕೈ, ಸೂಜಿ, ಎಲ್ಲ ಸರಿ. ಅದಕ್ಕಿಂತ ಹೆಚ್ಚು ಏನೂ ಇಲ್ಲ. ಪ್ರೈಮಿನಲ್ಲಿ ತೆಗೆದ ಕೊನೆಯದಕ್ಕೆ ಬಂದಾಗ ಕೈ ಮೌಸಿನ ಮೇಲೆ ನಿಂತುಹೋಯಿತು. ಹನ್ನೆರಡು ವರ್ಷದಲ್ಲಿ ನಾನು ತೆಗೆದ ಎಲ್ಲಕ್ಕಿಂತ ಒಳ್ಳೆ ಫೋಟೊ ಅದು. ಒಂದೊಂದು ಸುಕ್ಕೂ ಬೆಳಗುತ್ತಿತ್ತು. ಬಾಯಿ ನಗುತ್ತಿತ್ತು. ದೊಡ್ಡದು ಮಾಡಿ ನೋಡಿದೆ. ಕಣ್ಣುಗಳು ಲೆನ್ಸನ್ನು ನೋಡುತ್ತಿರಲಿಲ್ಲ. ಅದಕ್ಕಿಂತ ಕೆಳಗೆ, ನನ್ನ ಕಾಲಿನ ಮೇಲೆ ನೆಟ್ಟಿದ್ದವು.

ಅಳಿಸಿಬಿಡಬೇಕು ಎಂದುಕೊಂಡೆ, ಆಗಲಿಲ್ಲ. ಜಗದೇವಿ ಅಕ್ಕನಿಗೆ ಝೂಮಿನವನ್ನಷ್ಟೇ ತೋರಿಸುತ್ತಿದ್ದೆ. ಅವಳು ಹೆಗಲ ಮೇಲಿಂದ ಇಣುಕಿ, ಪರದೆಯ ಮೂಲೆಯಲ್ಲಿದ್ದ ಅದರ ಮೇಲೇ ಬೆರಳಿಟ್ಟಳು. "ಇದು! ಖಾಲಾ ಹಿಂಗ ನಕ್ಕಿದ್ದು ನಾ ಒಮ್ಮೆನೂ ನೋಡಿಲ್ಲ. ಇದನ ಹಾಕೂಣು." ಸೂಜಿ ಬಂದಿಲ್ಲ ಎಂದೆ, ಕಣ್ಣು ಸರಿಯಾಗಿಲ್ಲ ಎಂದೆ. ಅವಳು ಕೇಳಲಿಲ್ಲ. ಖಾಲಾ ಮುಚ್ಚಿಟ್ಟದ್ದನ್ನು ನಾನು ಹೇಗೆ ಬಿಚ್ಚಿ ಹೇಳಲಿ?

ಫೋಟೊ ಹಾಕಿದ ದಿನ ನನ್ನನ್ನೂ ಕರೆದಿದ್ದರು. ಹೊಲಿಗೆ ಕ್ಲಾಸಿನ ತುಂಬ ಹೆಂಗಸರು. ಎಲ್ಲರ ಬಾಯಲ್ಲೂ ಆ ನಗುವಿನ ಮಾತೇ. ಖಾಲಾ ಕನ್ನಡಕ ಏರಿಸಿ ಬಹಳ ಹೊತ್ತು ಫೋಟೊ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಬೇರೆಯವರಿಗೆ ಕೇಳದ ಹಾಗೆ ಹೇಳಿದರು: "ಎಲ್ಲಾರೂ ನಗಾಕತ್ತೀನಿ ಅನ್ನಾಕತ್ತಾರ. ನಿನಗರ ಗೊತ್ತದಲ್ಲ ಬೇಟಿ. ಆವಾಗ ನಾ ಅಲ್ಲಾಹನ್ನ ಬೇಡಾಕತ್ತಿದ್ದೆ."

ಯಾವ ಲೆನ್ಸ್ ಒಳ್ಳೆಯದು ಎಂದು ಈಗಲೂ ನನಗೆ ತೀರ್ಮಾನವಾಗಿಲ್ಲ. ಪಾಸ್‌ಪೋರ್ಟ್ ಬಿಟ್ಟು ಬೇರೆ ಫೋಟೊಗಳಿಗೂ ಜನ ನನ್ನನ್ನು ಕರೆಯುತ್ತಾರೆ. ಎರಡನ್ನೂ ಒಯ್ಯುತ್ತೇನೆ. ಆದರೆ ಎದುರಿಗೆ ಕೂತವರು ಇದ್ದಕ್ಕಿದ್ದಂತೆ ಚೆಂದಾಗಿ ನಕ್ಕರೆ ನನಗೆ ಸಮಾಧಾನವಿಲ್ಲ. ಬಟನ್ ಒತ್ತುವ ಮೊದಲು ತಿರುಗಿ ಹಿಂದೆ ನೋಡುತ್ತೇನೆ. "ಯಾಕ್ರಿ, ಏನಾತ್ರಿ?" ಎಂದು ಕೇಳುತ್ತಾರೆ. ಏನಿಲ್ರಿ ಎನ್ನುತ್ತೇನೆ. ಅಷ್ಟರಲ್ಲಿ ಅವರ ನಗು ಹೋಗಿಬಿಟ್ಟಿರುತ್ತದೆ. ಹೋದರೆ ಹೋಗಲಿ ಎಂದುಕೊಳ್ಳುತ್ತೇನೆ.