ಗುಡ್ಡ ಹತ್ತಿಸಿದ ಕಾಕು

ಕಾಕುವಿನ ಮೂಗಿನ ತುದಿಯಲ್ಲಿ ಸದಾ ಚರ್ಮ ಸುಲಿದಿರುತ್ತಿತ್ತು. ಬಿಸಿಲಿಗೆ ಕಂದಿದ ಕೆನ್ನೆ, ಸ್ಕಾರ್ಫಿನ ಗೆರೆಯಿಂದ ಮೇಲೆ ಬೆಳ್ಳನೆಯ ಹಣೆ. ಒಂದೇ ಮುಖದಲ್ಲಿ ಎರಡು ಬಣ್ಣ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯಲ್ಲಿ ಅವರ ವಯಸ್ಸಿನ ಉಳಿದ ಹೆಂಗಸರು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಧಾರಾವಾಹಿ ನೋಡುವ ಹೊತ್ತಿಗೆ, ಇವರು ಯಾವುದೋ ಬೆಟ್ಟದ ಕೋಟೆ ಇಳಿದು, ಸಲ್ವಾರಿನ ಅಂಚಿಗೆಲ್ಲ ಹುಲ್ಲಿನ ಮುಳ್ಳು ಅಂಟಿಸಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು.

ಧಾರವಾಡದ ಕಡೆಯವರು. ಥಾಣೆಯ ಟೆಲಿಫೋನ್ ಕಚೇರಿಯಲ್ಲಿದ್ದು ನಿವೃತ್ತರಾಗಿದ್ದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಕನ್ನಡದವರಿಗೂ ಮರಾಠಿಯವರಿಗೂ ಅವರು ಕಾಕುವೇ, ಎಲ್ಲರ ಚಿಕ್ಕಮ್ಮ. ತಮ್ಮಂಥ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಭಾನುವಾರ ಬೆಳಿಗ್ಗೆ ಕರ್ಜತ್ ಲೋಕಲ್ ರೈಲು ಹಿಡಿದು ಗುಡ್ಡ ಹತ್ತಲು ಹೊರಟುಬಿಡುತ್ತಿದ್ದರು. ವರ್ಷಕ್ಕೊಮ್ಮೆ ದೂರದ ಪ್ರವಾಸ. "ತೀರ್ಥಯಾತ್ರೆಯೇ ಕಾಕು?" ಎಂದು ಯಾರಾದರೂ ಕೇಳಿದರೆ, "ದೇವ್ರು ದಾರ್ಯಾಗ ಸಿಕ್ರ ಕೈ ಮುಗೀತೀವಿ" ಎನ್ನುತ್ತಿದ್ದರು.

ನಮ್ಮ ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಉಡುಪಿಯಿಂದ ಮದುವೆಯಾಗಿ ಬಂದವರು ರಬಾಳೆಯ ಕಾರ್ಖಾನೆಗಳ ನಡುವೆ ಮಾವ ನಡೆಸುತ್ತಿದ್ದ ಕ್ಯಾಂಟೀನಿನ ಅಡುಗೆಮನೆಯಲ್ಲೇ ಜೀವನ ಕಳೆದಿದ್ದರು. ಹಿಟ್ಟು ರುಬ್ಬುವುದು, ಸಾಂಬಾರು ಕುದಿಸುವುದು ಬಿಟ್ಟರೆ ಬೇರೆ ಲೋಕ ಕಂಡವರಲ್ಲ. ನಮ್ಮ ಮನೆಯಲ್ಲಿ ಆ ಕೆಲಸವೂ ಇಲ್ಲವಾಗಿ, ಹಾಸಿಗೆಯ ತುದಿಯಲ್ಲಿ ಕುಳಿತು ಗೋಡೆ ನೋಡುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು, ಕರೆಯದಿದ್ದರೆ ಇಲ್ಲ. ಅವರ ಮಗ, ಅಂದರೆ ನನ್ನ ಗಂಡ, ಡಾಕ್ಟರ ಬಳಿ ಕರೆದೊಯ್ದ. ಮಾತ್ರೆ ಬಂತು, ಮಾತು ಬರಲಿಲ್ಲ.

ಒಂದು ಸಂಜೆ ಪಕ್ಕದ ಮನೆಯಿಂದ ಕಾಕು ಬಂದು ಅವರೆದುರೇ ಕುರ್ಚಿ ಎಳೆದುಕೊಂಡು ಕುಳಿತರು.

"ಐತವಾರ ಮಾಥೆರಾನಕ್ಕ ಹೊಂಟೀವಿ. ನೀನೂ ಬಾ."

"ನನ್ನಿಂದ ಆಗ್ಲಿಕ್ಕಿಲ್ಲ. ಮೊಣಗಂಟು ಬಾರೀ ನೋವು," ಎಂದರು ಅತ್ತೆ.

"ಮನ್ಯಾಗ ಕುಂತ್ರೂ ನೋಯ್ತದ, ಗುಡ್ಡದ ಮ್ಯಾಲೂ ನೋಯ್ತದ. ಅಲ್ಲಿ ಗಾಳಿನಾದ್ರೂ ಇರ್ತದ."

ಒಳಗಿನಿಂದ ಬಂದ ನನ್ನ ಗಂಡ, "ಕಾಕು, ಅಮ್ಮನಿಗೆ ಏನಾದ್ರೂ ಆದ್ರೆ ಯಾರು ನೋಡೋದು?" ಎಂದ.

"ಮನ್ಯಾಗ ಇದ್ರ ಏನೂ ಆಗೂದಿಲ್ಲಂತ ನೀ ಬರದು ಕೊಡ್ತೀ ಏನಪಾ?"

ಅತ್ತೆಯ ತುಟಿಯಂಚಿನಲ್ಲಿ ನಗು ಸುಳಿದು ಹೋದದ್ದನ್ನು ನಾನು ನೋಡಿದೆ. ಆ ಭಾನುವಾರ ಅತ್ತೆ ಹೋದರು. ಸಂಜೆ ಕೆಂಪು ಧೂಳು ಮೆತ್ತಿದ ಕಾಲಿನಲ್ಲಿ ಬಂದು, "ಹಸಿವಾಗ್ತದೆ, ಎಂತ ಉಂಟು?" ಎಂದು ಕೇಳಿದರು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಮುಂದೆ ಭಾನುವಾರವೆಂದರೆ ಅವರು ಮನೆಯಲ್ಲಿಲ್ಲ ಎಂದೇ ಆಯಿತು. ಅತ್ತೆಗೆ ಬೂಟು ಬಂತು. ಇಳಿಯುವಾಗ ಹೆಜ್ಜೆ ಅಡ್ಡ ಇಡಬೇಕು, ಬಾಯಾರುವ ಮೊದಲೇ ನೀರು ಕುಡಿಯಬೇಕು ಎಂದು ನಮಗೆ ಪಾಠ ಹೇಳುವಷ್ಟಾದರು.

ಕಾಕುಗೆ ಬಹುಕಾಲದಿಂದ ಒಂದು ಆಸೆಯಿತ್ತು: ಹಿಮಾಲಯದ ಹೂವಿನ ಕಣಿವೆ. ಕೊನೆಗೊಂದು ಮಳೆಗಾಲ ಗುಂಪು ಹೊರಟಿತು, ಅತ್ತೆಯೂ ಹೊರಟರು. ಘಾಂಗ್ರಿಯಾ ಎಂಬ ಹಳ್ಳಿಯವರೆಗೆ ಹೇಸರಗತ್ತೆಯ ಮೇಲೆ ಹೋಗಬಹುದು. ಅಲ್ಲಿಂದ ಕಣಿವೆಗೆ ನಡೆಯಬೇಕು. ನಡೆಯುವ ದಿನ ಬೆಳಿಗ್ಗೆ ಅತ್ತೆಗೆ ಜ್ವರ, ತಲೆಸುತ್ತು. "ನೀವೆಲ್ಲ ಹೋಗಿ ಬನ್ನಿ, ನಾನು ಮಲಗ್ತೇನೆ," ಎಂದರು. ಕಾಕು ಉಳಿದವರನ್ನು ಕಳಿಸಿ, ಕಟ್ಟಿದ ಬೂಟಿನ ದಾರ ಬಿಚ್ಚಿ, ಮಂಚದ ಮೇಲೆ ಕುಳಿತರು. ಅತ್ತೆ ಬೇಡಿಕೊಂಡರು, ಬೈದರು, ಅತ್ತೂಬಿಟ್ಟರು.

"ಹೂವು ಮುಂದಿನ ವರ್ಷನೂ ಅರಳ್ತಾವ. ನಿನ್ನ ಒಬ್ಬಾಕಿನ್ನ ಇಲ್ಲಿ ಬಿಟ್ಟು ಹೋದ್ರ ನನಗ ಅಲ್ಲಿ ಹೂವು ಕಾಣ್ತಾವೇನ?"

ಮಧ್ಯಾಹ್ನ ಜ್ವರ ಇಳಿದಾಗ ಅತ್ತೆಯನ್ನು ಎಬ್ಬಿಸಿ, ತುಂತುರು ಮಳೆಯಲ್ಲಿ ಮೊದಲ ಸೇತುವೆಯವರೆಗೆ ಮೆಲ್ಲಗೆ ನಡೆಸಿದರಂತೆ. ಕೆಳಗೆ ಹಾಲಿನಂತೆ ಹೊಳೆ. ಇಬ್ಬರೂ ಕಂಬಿ ಹಿಡಿದು ನಿಂತು ನೋಡಿದರಂತೆ. ಮರುದಿನ ಜೋರು ಮಳೆ. ದಾರಿ ಮುಚ್ಚಿದರು, ಎಲ್ಲರೂ ಇಳಿದು ಬಂದರು. ಇದನ್ನೆಲ್ಲ ಹೇಳಿದ್ದು ಅತ್ತೆ. ಕಾಕುವನ್ನು ಕೇಳಿದರೆ, "ಏ, ಭಾಳ ಚಲೋ ಆತು," ಎಂದಷ್ಟೇ ಹೇಳಿದರು.

ಮರುವರ್ಷ ಆ ಕಡೆ ನೆರೆ ಬಂದು ದಾರಿಯೇ ಕೊಚ್ಚಿಹೋಯಿತು. ಮತ್ತೆ ದಾರಿಯಾಗುವ ಹೊತ್ತಿಗೆ ಕಾಕುಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಗಿತ್ತು.

ಅವರನ್ನು ಥಾಣೆಯ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಒಂದು ಕಾಲದಲ್ಲಿ ಒಬ್ಬರೇ ರಸ್ತೆ ದಾಟಲೂ ಹೆದರುತ್ತಿದ್ದ ನಮ್ಮತ್ತೆ ಗಂಜಿಯ ಡಬ್ಬಿ ಹಿಡಿದು ದಿನಾ ಲೋಕಲಿನ ನೂಕುನುಗ್ಗಲಿನಲ್ಲಿ ಹೋಗಿ ಬಂದರು. "ನಾನು ಬರಲಾ?" ಎಂದು ಕೇಳಿದರೆ, "ನೀನ್ಯಾಕೆ, ನಂಗೆ ದಾರಿ ಗೊತ್ತುಂಟಲ್ಲ," ಎನ್ನುತ್ತಿದ್ದರು. ಕೊನೆಯ ದಿನಗಳಲ್ಲಿ ಕಾಕುಗೆ ಮಾತು ಕಡಿಮೆಯಾಗಿತ್ತು. ಅತ್ತೆಯೇ ತಾವು ಹತ್ತಿದ ಒಂದೊಂದು ಗುಡ್ಡವನ್ನೂ ನೆನಪಿಸುತ್ತ ಕೂರುತ್ತಿದ್ದರಂತೆ. ಕಾಕು ಕಣ್ಣು ಮುಚ್ಚಿಕೊಂಡೇ, "ಅಲ್ಲಿ ಚಹಾ ಚಲೋ ಇತ್ತು," ಎಂದೊಮ್ಮೆ ಹೇಳಿದರಂತೆ. ಒಂದು ಬೆಳಗಿನ ಜಾವ ತೀರಿಕೊಂಡರು.

ಕೆಲವು ವಾರಗಳ ನಂತರದ ಭಾನುವಾರ ಗುಂಪಿನ ಹೆಂಗಸರು ನಮ್ಮ ಬಾಗಿಲಿಗೆ ಬಂದರು. ಹೋಗುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ಹೊಸ್ತಿಲಾಚೆಯೇ ನಿಂತರು. ಅತ್ತೆ ಒಳಗಿನಿಂದ ಚೀಲ ಹೆಗಲಿಗೇರಿಸಿಕೊಂಡೇ ಬಂದರು.

"ಹೀಗೆ ನಿಂತದ್ದು ನೋಡಿದ್ರೆ ಕಾಕು ಬೈತಿದ್ರು. ನಡೀರಿ, ಗಾಡಿ ತಪ್ತದೆ."

ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾ. ಬಟ್ಟೆ ನಾಳೆ ಒಗೆದ್ರಾಯ್ತು," ಎಂದರು.

ಅಷ್ಟು ವರ್ಷಗಳಲ್ಲಿ ಕಾಕು ಕರೆದಾಗಲೆಲ್ಲ ನಾನು ಯಾವುದೋ ಕೆಲಸದ ನೆಪ ಹೇಳಿದ್ದೆ. ಅಂದು ಹೋದೆ. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಎಲ್ಲರಿಗಿಂತ ಚಿಕ್ಕವಳಾದ ನನಗೇ ಉಸಿರು ಕಟ್ಟಿತು. ಮುಂದೆ ಹೋಗುತ್ತಿದ್ದ ಅತ್ತೆ ತಿರುಗಿ ನೋಡಿ, ಇಳಿದು ಬಂದು, ನನ್ನ ಪಕ್ಕದ ಬಂಡೆಯ ಮೇಲೆ ಕುಳಿತರು.

"ಅವರೆಲ್ಲ ಹೋಗ್ಲಿ," ಎಂದರು. "ನಾವು ನಿಧಾನಕ್ಕೆ ಹೋಗುವ."