ನೆಗೆಣಿಯ ಕೈ ಸೋಲಲಿ ಎಂದು ಬೇಡಿಕೊಂಡೆ

ಅಕ್ಕತಂಗಿಯರೇ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ವೀರಭದ್ರೇಶ್ವರ ನನಗೆ ಮಾಡಿದ್ದನ್ನು ಮುಚ್ಚಿಡಲಾರೆ.

ಹೋದ ಶ್ರಾವಣದ ಒಂದು ಸೋಮವಾರ ಮಗಳು ಭಾಗ್ಯಶ್ರೀಗೆ ನೋವು ಶುರುವಾಯಿತು. ಚೊಚ್ಚಲ ಹೆರಿಗೆಗೆಂದು ಹುಮನಾಬಾದ್‌ಗೆ, ನಮ್ಮ ಮನೆಗೆ ಬಂದಿದ್ದಳು. ಹೆರಿಗೆ ಕೋಣೆಯಲ್ಲಿ ಜೊತೆಗೆ ಒಬ್ಬ ಹೆಂಗಸು ಮಾತ್ರ ಇರಬಹುದು, ಯಾರಿರುತ್ತೀರಿ ಎಂದು ಆಸ್ಪತ್ರೆಯ ನರ್ಸು ಕೇಳಿದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ. ಮಗಳು ನನ್ನ ಕಡೆ ನೋಡದೆ, "ನಮ್ಮ ಕಾಕಿ ಬರಾಕತ್ತಾಳ್ರಿ" ಎಂದಳು.

ಕಾಕಿ ಅಂದರೆ ನನ್ನ ಮೈದುನನ ಹೆಂಡತಿ, ನನ್ನ ನೆಗೆಣಿ ಕಸ್ತೂರಿ. ಬಸವಕಲ್ಯಾಣದಲ್ಲಿದ್ದಾಳೆ, ಮಕ್ಕಳಿಲ್ಲ. ಅವಳ ಓಣಿಯ ಯಾವ ಹೆಣ್ಣುಮಗಳು ಹೆರಿಗೆಗೆ ಹೋದರೂ ಜೊತೆಗೆ ಅವಳಿರಬೇಕು. ಹೆರಿಗೆ ಮಾಡಿಸುವವಳಲ್ಲ, ಜೊತೆಗಿರುವವಳು ಅಷ್ಟೆ. ದೊಡ್ಡ ಊರುಗಳಲ್ಲಿ ಇಂಥವರಿಗೆ ಡೌಲಾ ಅನ್ನುತ್ತಾರಂತೆ. ಮಗಳು ನನಗೆ ಹೇಳದೆ ನಸುಕಿನಲ್ಲೇ ಅವಳಿಗೆ ಫೋನ್ ಮಾಡಿದ್ದಳು. ಮೊದಲ ಬಸ್ಸಿಗೆ ಬಂದವಳು ನನ್ನ ಕಾಲು ಮುಟ್ಟಿ ಒಳಗೆ ಹೋದಳು. ಹೆತ್ತವಳು ಹೊರಗೆ, ಒಂದೂ ಹೆರದವಳು ಒಳಗೆ. ನನ್ನ ಮೈಯೆಲ್ಲ ಉರಿಯಿತು.

ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಕಸ್ತೂರಿ ಅವಳನ್ನು ಮೆಲ್ಲಗೆ ನಡೆಸುವಳು, ಗುಟುಕು ನೀರು ಕುಡಿಸುವಳು, ನೋವು ಬಂದಾಗ ಸೊಂಟಕ್ಕೆ ಅಂಗೈ ಒತ್ತಿ ಹಿಡಿದು ಉಸಿರು ಬಿಡಿಸುವಳು. ಡಾಕ್ಟರು ಹೇಳಿದ್ದನ್ನು ಬಿಡಿಸಿ ತಿಳಿಸುವಳು. ನನ್ನ ಮಗಳು ಅವಳ ಕೊರಳಿಗೆ ಜೋತುಬಿದ್ದಿದ್ದಳು. ಮಧ್ಯಾಹ್ನವಾದರೂ ಹೆರಿಗೆ ಮುಂದುವರಿಯಲಿಲ್ಲ. ಇನ್ನೆರಡು ತಾಸು ನೋಡಿ ಬೀದರಿನ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ ಎಂದರು ಡಾಕ್ಟರು. ಆಗಾದರೂ ನಾನು ಮಗಳಿಗಾಗಿ ಬೇಡಬೇಕಿತ್ತು. ಬೇಡಿದ್ದು ಬೇರೆ: ತಂದೆ, ಕಸ್ತೂರಿಯ ಕೈ ಸೋಲಲಿ, ನನ್ನನ್ನು ಒಳಗೆ ಕರೆಯಲಿ.

ಸ್ವಲ್ಪ ಹೊತ್ತಿಗೆ ಕಸ್ತೂರಿ ಹೊರಗೆ ಬಂದಳು. ಬೆರಳು ಸೆಟೆದುಕೊಂಡಿದ್ದವು.

"ಅಕ್ಕಾ, ಕೈ ಜೋಮ್ ಹಿಡದಾವ್ರಿ. ನೀವು ಒಳಗ ಹೋಗ್ರಿ" ಎಂದಳು.

ದೇವರು ಕೇಳಿಸಿಕೊಂಡನೆಂದು ಓಡಿದೆ. ಮಗಳ ಕೈ ಹಿಡಿದು, ಅವಳನ್ನು ಹೆರುವಾಗ ನಾನು ಸತ್ತು ಬದುಕಿದ ಕಥೆ ಶುರು ಮಾಡಿದೆ. ಒಂಬತ್ತು ತಿಂಗಳಿಂದ ಧೈರ್ಯಕ್ಕೆಂದು ಹೇಳುತ್ತ ಬಂದದ್ದೇ. ಅವಳ ಮೈ ಬಿಗಿಯಿತು, ಬೆವರಿದಳು.

"ಅವ್ವಾ, ನಿನ್ನ ಮಾರಿ ನೋಡಿದ್ರ ನನಗ ಅಂಜಿಕಿ ಬರ್ತದ. ಕಾಕಿಗಿ ಕಳಸು."

ಅವಳ ಕೈ ಬಿಟ್ಟು ಹೊರಗೆ ಬಂದೆ. ಕಸ್ತೂರಿ ಬೆಂಚಿನ ಮೇಲೆ ಕೈ ಕೊಡವುತ್ತ ಕೂತಿದ್ದಳು. ಬಿಸಿನೀರು ತಂದು, ಅವಳ ಎರಡೂ ಕೈ ನನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಿದೆ. ತಿಕ್ಕುತ್ತ ಆ ದಿನ ಮೊದಲ ಸಲ ಸರಿಯಾಗಿ ಬೇಡಿದೆ: ತಂದೆ, ಈ ಕೈಗೆ ಬಲ ಕೊಡು. ಬೆರಳು ಬಿಚ್ಚಿಕೊಂಡವು, ಅವಳು ಎದ್ದು ಒಳಗೆ ಹೋದಳು. ಬೀದರಿಗೆ ಗಾಡಿ ಹೇಳುವ ಮೊದಲೇ ಕೂಸಿನ ಅಳು ಕೇಳಿಸಿತು. ಅಂಜಿಕೆ ಹೋಗಿ ಮೈ ಸಡಿಲಾದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು.

ಹೆಣ್ಣು ಕೂಸು. ತೊಟ್ಟಿಲಿಗೆ ಹಾಕುವ ದಿನ, ಮಕ್ಕಳಿಲ್ಲದವಳು ಕೂಸನ್ನು ಎತ್ತಿಕೊಳ್ಳಬಾರದೆಂದು ಬಂದವರು ಪಿಸುಗುಟ್ಟಿದರು. ಕೂಸನ್ನು ಕಸ್ತೂರಿಯ ಮಡಿಲಿಗೆ ಹಾಕಿದವಳು ನಾನೇ. ಅದು ಅವಳ ಎದೆಗೊರಗಿ ಸುಮ್ಮನಾದಾಗ ನನ್ನ ಹೊಟ್ಟೆಯಲ್ಲಿ ಮತ್ತೆ ಒಂದಿಷ್ಟು ಉರಿಯಿತು, ಸುಳ್ಳು ಯಾಕೆ ಹೇಳಲಿ. ಈಗ ಪ್ರತಿ ಸೋಮವಾರ ಗುಡಿಗೆ ಹೋಗಿ, ಉಳಿದ ಈ ಕಿಚ್ಚನ್ನೂ ತೆಗೆಯಪ್ಪ ಎಂದು ಬೇಡುತ್ತೇನೆ. ಅಂಥ ಕೆಟ್ಟ ಬೇಡಿಕೆಯನ್ನೇ ಕೇಳಿಸಿಕೊಂಡವನು ಇದನ್ನು ಕೇಳದಿರುತ್ತಾನೆಯೇ?